ಟೊರೆನ್ಸಿನ ಬೇಟೆಗುರು

ಟೊರೆನ್ಸಿನ ನನ್ನ ಅಪಾರ್ಟ್‌ಮೆಂಟ್ ಬಾಲ್ಕನಿಯಲ್ಲಿ ನಿಂತು ನಾನೊಮ್ಮೆ ಸಣ್ಣಗೆ ಕೆಮ್ಮಿದರೆ ಸಾಕು, ನೂರಮೂವತ್ತು ಮೈಲಿ ಆಚೆಯ ಸ್ಯಾನ್ ಡಿಯೇಗೊ ಬೆಟ್ಟಗಳಿಂದ ಕಾಡು ಟರ್ಕಿ ಕೋಳಿಗಳು ಹೈವೇಗೆ ಇಳಿದು, ಕಾರ್‌ಪೂಲ್ ಲೇನ್ ಹಿಡಿದು, ಇಂಡಿಕೇಟರ್ ಹಾಕಿಕೊಂಡು ನನ್ನ ಬಾಗಿಲಿಗೆ ಬಂದು ನಿಲ್ಲುತ್ತವೆ. ಪಾರ್ಕಿಂಗ್ ಸಿಗದೆ ವಾಪಸು ಹೋದವುಗಳ ಲೆಕ್ಕ ನಾನು ಇಟ್ಟಿಲ್ಲ.

ನಂಬದವರು ನಮ್ಮ ‘ಎಲ್.ಎ. ಕನ್ನಡ ಬೇಟೆ ಬಳಗ’ವನ್ನು ಕೇಳಬಹುದು. ಲಾಕ್‌ಡೌನಿನಲ್ಲಿ ಮನೆಯೊಳಗೆ ಕೂತು ತಲೆಕೆಟ್ಟ ಇಂಜಿನಿಯರುಗಳು ಕಟ್ಟಿದ ವಾಟ್ಸಾಪ್ ಗ್ರೂಪ್ ಅದು. ನನ್ನ ಸಹೋದ್ಯೋಗಿ ಗುರುಕಿರಣ್ ನನ್ನನ್ನು ಕೇಳದೆಯೇ ಅದಕ್ಕೆ ಸೇರಿಸಿದ. ಒಂದು ದಿನ ಯಾರೋ, ‘ಟರ್ಕಿಗೆ ವಾಸನೆ ಗೊತ್ತಾಗುತ್ತಾ?’ ಎಂದು ಕೇಳಿದರು. ‘ಇಲ್ಲ. ಆದರೆ ಅದರ ಕಣ್ಣು ನಿಮ್ಮ ಮ್ಯಾನೇಜರ್ ಕಣ್ಣಿಗಿಂತ ಚುರುಕು’ ಎಂದು ಬರೆದೆ. ಹದಿನಾಲ್ಕು ಹೆಬ್ಬೆಟ್ಟುಗಳು ಬಂದವು. ಅವತ್ತಿನಿಂದ ನನ್ನ ಸಿದ್ಧಲಿಂಗೇಶ ಎಂಬ ಹೆಸರನ್ನು ಎಲ್ಲರೂ ಮರೆತು ‘ಗುರುಗಳು’ ಎನ್ನತೊಡಗಿದರು. ಕ್ಯಾಲಬಾಸಸ್ ದೇವಸ್ಥಾನಕ್ಕೆ ಹೋದರೆ ಪುಳಿಯೋಗರೆ ಕ್ಯೂನಲ್ಲಿ ನನ್ನನ್ನು ಮುಂದಕ್ಕೆ ಬಿಡುತ್ತಿದ್ದರು. ಆ ಪಟ್ಟ ಹೋದರೆ ನನ್ನಲ್ಲಿ ಉಳಿಯುವುದೇನು? ಬರೀ ಒಂದು ಕೆಲಸ ಮತ್ತು ಕೊಲೆಸ್ಟರಾಲ್.

ಗುರುವಾದ ಮೇಲೂ ನಾನು ಅಧ್ಯಯನ ಬಿಡಲಿಲ್ಲ. ಸ್ಯಾನ್ ಡಿಯೇಗೊದ ಬೇಟೆಗಾರರ ಇಂಗ್ಲಿಷ್ ಫೋರಮ್ ಒಂದಿದೆ. ಅದರಲ್ಲಿ ಓಕ್‌ಶೇಡ್ ಎಂಬ ಹೆಸರಿನ ಒಬ್ಬರೊಂದಿಗೆ ನನ್ನ ವಿಚಾರ ವಿನಿಮಯ ನಡೆಯುತ್ತಿತ್ತು. ನಾನು ಪ್ರಶ್ನೆ ಕೊಡುತ್ತಿದ್ದೆ, ಅವರು ಉತ್ತರ ಕೊಡುತ್ತಿದ್ದರು. ಬಿಳಿ ಗಡ್ಡದ, ಪೈಪ್ ಸೇದುವ ಮುದುಕ ಇರಬೇಕೆಂದು ನನ್ನ ಊಹೆ. ಆ ಉತ್ತರ ಫೋನಿನಲ್ಲೇ ಅನುವಾದಗೊಂಡು ಕನ್ನಡವಾಗಿ ನಮ್ಮ ಗ್ರೂಪಿಗೆ ಇಳಿಯುತ್ತಿತ್ತು. ಓದಿ ನೋಡಲು ಗುರುಗಳಿಗೆ ಪುರುಸೊತ್ತೆಲ್ಲಿ?

ಸ್ಯಾನ್ ಡಿಯೇಗೊ ಪಕ್ಕದ ಪೊವೇ ಊರಿನ ಮಂಜೂರ್ ನನ್ನ ಪರಮ ಶಿಷ್ಯ. ಟೆಲಿಕಾಂ ಇಂಜಿನಿಯರ್, ಬೆಂಗಳೂರಿನವನು, ಈ ವರ್ಷವಷ್ಟೇ ಬೇಟೆಯ ಲೈಸೆನ್ಸ್ ತೆಗೆದವನು. ಮೂರು ಭಾನುವಾರ ಕಾಡಿಗೆ ಹೋಗಿ ಮೂರು ಸಲವೂ ಬರಿಗೈಲಿ ಬಂದಿದ್ದ. ಸೀಸನ್ನಿನ ಕೊನೆಯ ಭಾನುವಾರ ಹತ್ತಿರವಾದಾಗ ಫೋನ್ ಮಾಡಿದ.

“ಗುರುಗಳೇ, ಈ ಸಲ ನೀವೇ ಬರಬೇಕು.”

“ಮಂಡಿ ನೋವಪ್ಪಾ.”

“ಕೂತ್ಕೊಂಡೇ ಇರೋದಲ್ವಾ?”

“ಕಾರು ಸರ್ವಿಸಿಗೆ ಬಿಟ್ಟಿದೀನಿ.”

“ಗುರುಕಿರಣ್ ತಮ್ಮ ಕಾರು ಕೊಡ್ತಾರಂತೆ. ಗ್ರೂಪಲ್ಲಿ ಆಗಲೇ ಹಾಕ್ಬಿಟ್ಟಿದಾರೆ, ನೋಡಿ.”

ನೋಡಿದೆ. ‘ಗುರುಗಳು ಖುದ್ದಾಗಿ ಕಾಡಿಗೆ! ಭಾನುವಾರ ಫೋಟೊ ನಿರೀಕ್ಷಿಸಿ!’ ಕೆಳಗೆ ಮೂವತ್ತೆಂಟು ಹೆಬ್ಬೆಟ್ಟುಗಳು. ಇನ್ನು ಹೋಗದಿದ್ದರೆ ಪಟ್ಟ ಹೋಯಿತು. ಹೋಗಿ ಕೋಳಿ ಬರದಿದ್ದರೂ ಹೋಯಿತು.

ಭಾನುವಾರ ಬೆಳಗ್ಗೆ ಜೂಲಿಯನ್ ಎಂಬ ಬೆಟ್ಟದೂರಿನ ಹತ್ತಿರದ ಕಾಡಿನಂಚಿನಲ್ಲಿ ಕಾರಿನಿಂದ ಇಳಿದಾಗ ಮಂಜೂರ್ ಜೊತೆ ಅವನ ಹೆಂಡತಿ ಕನೀಜ್ ಫಾತಿಮಾ ಕೂಡ ಇದ್ದರು. ಕೈಯಲ್ಲಿ ಫ್ಲಾಸ್ಕು, ಹೆಗಲಲ್ಲೊಂದು ದಿಂಬು.

“ಇವಳಿಗೂ ಲೈಸೆನ್ಸ್ ಇದೆ, ಗುರುಗಳೇ. ನನಗಿಂತ ಮೂರು ವರ್ಷ ಸೀನಿಯರ್,” ಎಂದು ಮಂಜೂರ್ ಕಿವಿಯಲ್ಲಿ ಹೇಳಿದ. “ಆದ್ರೆ ಇವಳ ಹತ್ರ ಕಲಿತರೆ ಜೀವನಪೂರ್ತಿ ಅದನ್ನೇ ಕೇಳ್ಬೇಕಲ್ಲ! ಅದಕ್ಕೇ ನಿಮ್ಮ ಪಾದ ಹಿಡಿದಿದ್ದು.”

ಕನೀಜ್ ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಅಣ್ಣಾ, ಕೆಂಪು ಸ್ವೆಟರ್ ಹಾಕಿದೀರಾ?”

“ಚಳಿ ಅಲ್ವಾ, ತಂಗಿ?”

“ಗಂಡು ಟರ್ಕಿ ತಲೆ ಕೆಂಪಗಿರುತ್ತೆ. ಪೊದೆ ಹಿಂದೆ ನಿಮ್ಮನ್ನ ಕಂಡ ಬೇರೆ ಬೇಟೆಗಾರ ಕೋಳಿ ಅಂತ ಗುಂಡು ಹೊಡೀತಾನೆ. ಕೆಂಪು ಹಾಕಬಾರದು ಅಂತ ನೀವೇ ಹೋದ ವಾರ ಗ್ರೂಪಲ್ಲಿ ಬರೆದಿದ್ರಂತೆ?”

“ಶಿಷ್ಯ ಗಮನಿಸ್ತಾನಾ ಅಂತ ಪರೀಕ್ಷೆ,” ಎಂದೆ.

“ನೋಡಿದ್ಯಾ, ಕನೀಜ್? ಗುರುಗಳಂದ್ರೆ ಹೀಗಿರ್ಬೇಕು!” ಎಂದ ಮಂಜೂರ್.

ಸ್ವೆಟರ್ ಬಿಚ್ಚಿಸಿ ಕನೀಜ್ ತಮ್ಮ ಮಣ್ಣಿನ ಬಣ್ಣದ ಶಾಲನ್ನು ನನಗೆ ಹೊದಿಸಿದರು. ಮೂವರೂ ಒಂದು ದೊಡ್ಡ ಮರಕ್ಕೆ ಬೆನ್ನು ಕೊಟ್ಟು ಕೂತೆವು. ಕನೀಜ್ ಮೊದಲು ದಿಂಬು ಹಾಸಿ, ಅದರ ಮೇಲೆ ಕೂತರು. ಮಂಜೂರ್ ಬಂದೂಕು ತೊಡೆಯ ಮೇಲಿಟ್ಟುಕೊಂಡು, ಅಂಗೈಯಗಲದ ಒಂದು ದುಂಡನೆಯ ಸ್ಲೇಟನ್ನೂ ಕಡ್ಡಿಯನ್ನೂ ನನ್ನ ಕೈಗಿತ್ತ. ಕಡ್ಡಿಯಿಂದ ಸ್ಲೇಟನ್ನು ಉಜ್ಜಿದರೆ ಹೆಣ್ಣು ಟರ್ಕಿಯ ದನಿ ಬರುತ್ತದೆ, ಅದಕ್ಕೆ ಗಂಡು ಓಡಿ ಬರುತ್ತದೆ ಎಂದು ನಾನೇ ಗ್ರೂಪಿಗೆ ಕಲಿಸಿದ್ದೆನಂತೆ.

ಸ್ಲೇಟು ಕಂಡಿದ್ದೇ ನನ್ನ ಕೈ ತಾನಾಗಿ ಒಂದನೇ ಕ್ಲಾಸಿಗೆ ಹೋಯಿತು. ಬಲವಾಗಿ ಒತ್ತಿ ‘ಅ’ ಬರೆದೆ. ಕರ್ರ್ರ್ ಎಂದಿತು. ‘ಆ’ ಬರೆದೆ. ಆ ಕಣಿವೆಯಲ್ಲಿದ್ದ ನಾಲ್ಕು ಸಾವಿರ ಹಕ್ಕಿಗಳು ಒಟ್ಟಿಗೆ ಬಾಯಿ ಮುಚ್ಚಿದವು.

“ಇದು ಯಾವ ಕೋಳಿ ದನಿ, ಗುರುಗಳೇ?” ಎಂದು ಮಂಜೂರ್ ಪಿಸುಗುಟ್ಟಿದ.

“ವಿಧವೆ ಕೋಳಿ. ಗಂಡಿಗೆ ಕನಿಕರ ಬರಲಿ ಅಂತ.”

ಕನೀಜ್ ಕೆಮ್ಮಿದರು. ಕೆಮ್ಮೋ ನಗುವೋ, ಗೊತ್ತಾಗಲಿಲ್ಲ. ಅಷ್ಟರಲ್ಲಿ ಕನಿಕರವೋ ಕುತೂಹಲವೋ, ಎದುರಿನ ಇಳಿಜಾರಿನಿಂದ ಗಳಗಳ ಎಂಬ ಸದ್ದು ಕೇಳಿಸಿತು. ಗಂಡು ಟರ್ಕಿ! ಆನೆಮರಿಯಷ್ಟು ಗಾತ್ರ, ಬಾಲ ಬಿಚ್ಚಿದರೆ ಆಕಾಶವೇ ಕಾಣದು. ಒಂದೊಂದೇ ಹೆಜ್ಜೆ ಇಟ್ಟು ನೇರ ನನ್ನ ಕಡೆಗೇ ಬರುತ್ತಿತ್ತು. ಮಂಜೂರ್ ‘ಬಿಸ್ಮಿಲ್ಲಾ’ ಎಂದು ಬಂದೂಕೆತ್ತಿದ. ಇನ್ನು ಹತ್ತು ಹೆಜ್ಜೆ ಬಂದಿದ್ದರೆ ಅವನಿಗೆ ಕೋಳಿ, ನನಗೆ ಆಜೀವ ಪಟ್ಟ.

“ಅಯ್ಯಯ್ಯೋ, ಬಂತು! ಕಚ್ಚುತ್ತೆ!” ಎಂದು ಕಿರುಚಿ ನಾನು ಮಂಜೂರ್ ಬೆನ್ನ ಹಿಂದೆ ನುಗ್ಗಿದೆ.

ಕೋಳಿ ಹಾರಿಹೋಯಿತು. ಸೀಸನ್ನೂ ಅದರ ಜೊತೆಗೇ ಹೋಯಿತು.

ಕನೀಜ್ ಗಂಡನತ್ತ ಕೈ ಚಾಚಿದರು. “ಮಂಜೂರ್, ಕೂರೋದು ಹೇಗೆ ಅಂತ ಗುರುಗಳು ಬರೆದಿದ್ರಲ್ಲ, ಆ ಮೆಸೇಜ್ ಕೊಡಿ ಒಂಚೂರು.”

ಫೋನ್ ಇಸಿದುಕೊಂಡು ಗಟ್ಟಿಯಾಗಿ ಓದಿದರು: “‘ಟರ್ಕಿ ಬೇಟೆಯಲ್ಲಿ ಅಲುಗಾಡದೆ ಕೂರುವುದೇ ಮುಖ್ಯ. ನನ್ನ ಎರಡನೇ ಹೆರಿಗೆ ಆದ ಮೇಲೆ ನೆಲದ ಮೇಲೆ ಕೂತರೆ ಸೊಂಟ ಹಿಡಿಯುತ್ತದೆ. ಆದ್ದರಿಂದ ನಾನು ಸದಾ ದಿಂಬು ಒಯ್ಯುತ್ತೇನೆ.’ ಅಣ್ಣಾ, ಮಗು ಹೇಗಿದೆ?”

ಅವರು ಕೂತಿದ್ದ ದಿಂಬನ್ನೂ ಅವರ ಮುಖವನ್ನೂ ನೋಡಿದೆ. ಬಿಳಿ ಗಡ್ಡವಿರಲಿಲ್ಲ.

“ಓಕ್‌ಶೇಡ್... ನೀವಾ?”

“ಹೌದು, ನಾನೇ. ವಾರಕ್ಕೆ ಮೂರು ಪ್ರಶ್ನೆ ಕೇಳ್ತಿದ್ದ ಆ ಹೊಸ ಹುಡುಗ ನೀವಾ? ಪಾಪ, ಕಾಲೇಜ್ ಹುಡುಗ ಇರ್ಬೇಕು ಅಂತ ಕೂತು ಕೂತು ಬರೀತಿದ್ದೆ!”

ಮಂಜೂರ್ ಇಬ್ಬರನ್ನೂ ನೋಡಿದ. “ಅಂದ್ರೆ ಇಷ್ಟು ದಿನ ನಾನು ಕೇಳಿದ್ದು... ಇವಳ ಮಾತಾ?”

“ಒಂದಕ್ಷರ ಬಿಡದೆ,” ಎಂದರು ಕನೀಜ್, ಫ್ಲಾಸ್ಕ್ ತೆರೆಯುತ್ತಾ. “ಹೆರಿಗೆ ಅಂತ ಓದಿದಾಗ್ಲಾದ್ರೂ ಅನುಮಾನ ಬರಲಿಲ್ವಾ ನಿಮಗೆ?”

“ಗುರುಗಳ ಮನೆಯೋರದ್ದು ಇರ್ಬೇಕು ಅಂದ್ಕೊಂಡೆ. ದೊಡ್ಡೋರನ್ನ ಅದನ್ನೆಲ್ಲ ಕೇಳೋಕಾಗುತ್ತಾ?”

ಕನೀಜ್ ನನಗೂ ಒಂದು ಲೋಟ ಚಹಾ ಕೊಟ್ಟರು. ಬೈಯಲಿಲ್ಲ. “ನಿಮ್ಮ ಗ್ರೂಪ್ ಫೋಟೊಗೆ ಕಾಯ್ತಿದೆ ಅಲ್ವಾ, ಅಣ್ಣಾ? ಏನಾದ್ರೂ ಬರೀರಿ,” ಎಂದರಷ್ಟೇ. ಕೋಳಿ ಕೈತಪ್ಪಿದ ಮಂಜೂರ್ ನೆಲ ನೋಡುತ್ತಾ ಕೂತಿದ್ದ. ಅವನ ಮುಖ ನೋಡಿದ ಮೇಲೆ, ಕೋಳಿ ಹುಲಿಯನ್ನು ಕಂಡು ಓಡಿತೆಂದು ಬರೆಯಲು ಬೆರಳು ಏಳಲಿಲ್ಲ. ಚಹಾ ಆರುವವರೆಗೆ ಕೂತು ಬರೆದೆ:

‘ಬಳಗದವರಲ್ಲಿ ವಿನಂತಿ. ನಾನು ಈವರೆಗೆ ಬಂದೂಕು ಮುಟ್ಟಿಲ್ಲ. ಮೊಟ್ಟೆ ಹಾಕಿದ ಕೇಕನ್ನೂ ತಿಂದಿಲ್ಲ. ಟರ್ಕಿಯನ್ನು ಇವತ್ತೇ ಮೊದಲು ನೋಡಿದ್ದು. ನಾನು ಕಿರುಚಿದ್ದರಿಂದ ಮಂಜೂರ್‌ಗೆ ಅದು ಸಿಗಲಿಲ್ಲ. ಇಷ್ಟು ವರ್ಷ ಬರೆದದ್ದೆಲ್ಲ ಪೊವೇಯ ಕನೀಜ್ ಫಾತಿಮಾ ಅವರದು. ಇನ್ನು ಮುಂದೆ ಅವರನ್ನೇ ಕೇಳಿ. ಮತ್ತೆ, ಎರಡನೇ ಹೆರಿಗೆಯೂ ಅವರದೇ. ನನಗೆ ಮೊದಲನೆಯದೂ ಆಗಿಲ್ಲ.’