ಟೈಲರ್ ಬಿತ್ತಿದ ಮೂಲಂಗಿ

ನಮ್ಮ ಯಜಮಾನರು ನಲವತ್ತು ವರ್ಷ ಟೈಲರ್ ಆಗಿದ್ದವರು. ಒಂದು ಗೇಣು ಬಟ್ಟೆಯನ್ನೂ ದಂಡ ಮಾಡಿದವರಲ್ಲ, ಒಂದು ಮಾತನ್ನೂ ಅಷ್ಟೇ. ನನ್ನ ಪಾಲಿಗೆ ಸಿಕ್ಕಿದ್ದು ಬರೀ "ಹೂಂ".

ಹೋದ ವರ್ಷ ಅವರ ಬಲಗೈ ನಡುಗಲು ಶುರುವಾಯಿತು. ಕತ್ತರಿ ಮುಟ್ಟಬೇಡಿ ಎಂದರು ಡಾಕ್ಟರು. ಅಂಗಡಿಗೆ ಬೀಗ ಬಿತ್ತು. ಆಮೇಲೆ ದಿನವಿಡೀ ಕುರ್ಚಿಯಲ್ಲಿ ಕೂತು ಗೋಡೆ ನೋಡುವುದೇ ಕೆಲಸ. ಊಟಕ್ಕೆ ಕರೆದರೆ, "ದುಡೀದೇ ಇರೋನಿಗೆ ಎಂಥ ಊಟ" ಎನ್ನುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ನಿಜ ಹೇಳಬೇಕೆಂದರೆ, ಉರಿಗಿಂತ ಹೆದರಿಕೆಯೇ ಹೆಚ್ಚು. ಈ ಮನುಷ್ಯ ಹೀಗೇ ಕೂತಲ್ಲೇ ಕರಗಿಹೋದರೆ ನಾನೇನು ಮಾಡಲಿ?

ಅದಕ್ಕೇ ಹಠ ಹಿಡಿದು ಹಿತ್ತಲಿನ ಮೂಲೆ ಅಗೆಸಿ, ಮೂಲಂಗಿ ಬೀಜದ ಪೊಟ್ಟಣ ತಂದು ಅವರ ಮಡಿಲಿಗೆ ಹಾಕಿದೆ. ತರಕಾರಿ ಬೆಳೆಯುವುದು ಇಬ್ಬರಿಗೂ ಗೊತ್ತಿರಲಿಲ್ಲ. ಅವರು ಮಾತ್ರ ಟೇಪು, ದಾರ, ಸೀಮೆಸುಣ್ಣ ಹಿಡಿದು ಬಂದರು. ಮಣ್ಣಿಗೆ ಅಳತೆ ತೆಗೆದರು. ಅವರು ಜಾಗ ತೋರಿಸಿದಲ್ಲಿ ನಾನು ಒಂದೊಂದೇ ಬೀಜ ಊರಿದೆ. ಎರಡು ಬೀಜದ ನಡುವೆ ಕಡ್ಡಿ ಇಡಲೂ ಜಾಗವಿರಲಿಲ್ಲ.

"ಇಷ್ಟು ಹತ್ರನಾ?"

"ಹೊಲಿಗೆ ಒತ್ತಾಗಿದ್ದಷ್ಟೂ ಗಟ್ಟಿ ಕಣೇ. ನಿಂಗೇನು ಗೊತ್ತು?"

ಒಂದು ಬೀಜವೂ ಸುಳ್ಳಾಗದೆ ಮೊಳಕೆಯೊಡೆಯಿತು. ಪಕ್ಕದ ಮನೆಯ ಬಸ್ ಡ್ರೈವರ್ ಬೇಲಿಯಾಚೆಯಿಂದ ನೋಡಿ, "ನಾಲ್ಕರಲ್ಲಿ ಮೂರು ಕಿತ್ತುಬಿಡಿ ಅಣ್ಣ, ಇಲ್ಲಾಂದ್ರೆ ಗಡ್ಡೆ ಕೂರಲ್ಲ" ಎಂದರು.

ನಾನು ಕೀಳಲು ಬಗ್ಗಿದೆ. ಇವರು ನನ್ನ ಕೈ ಹಿಡಿದುಕೊಂಡರು.

"ಬೇಡ. ಕೈಲಾಗದ್ದನ್ನ ಕಿತ್ತು ಬಿಸಾಕೋದಾದ್ರೆ ಮೊದಲು ನನ್ನ ಬಿಸಾಕು."

ನಾನು ಕೈ ಹಿಂದಕ್ಕೆ ತೆಗೆದೆ. ಒಂದು ಸಸಿಯನ್ನೂ ಕೀಳಲಿಲ್ಲ.

ನಲವತ್ತು ದಿನ ಅವರು ಬೆಳಿಗ್ಗೆ ಸಂಜೆ ನೀರು ಹೊಯ್ದರು. ಕೊನೆಗೆ ಕಿತ್ತು ನೋಡಿದರೆ ಎಲೆಯೇ ಎಲೆ, ಗಡ್ಡೆಯ ಸುಳಿವಿಲ್ಲ. ಬೇರು ದಾರದಷ್ಟು ಸಪೂರ. ಇವರು ಒಳಗೆ ಹೋಗಿ ಮತ್ತೆ ಗೋಡೆಗೆ ಮುಖ ಮಾಡಿ ಕೂತರು. ಎಲೆಯನ್ನು ಬೇಯಿಸಿ ಬಡಿಸಿದೆ. ಅರ್ಧ ಉಂಡು ಎದ್ದರು.

ಮೂರು ದಿನ ತಾಳಿದೆ. ನಾಲ್ಕನೆಯ ದಿನ ಸೊಪ್ಪಿನ ಬೀಜ ತಂದೆ. ಸಾಸಿವೆಗಿಂತ ಸಣ್ಣ ಬೀಜ. ಮರಳಿನಲ್ಲಿ ಬೆರೆಸಿ ತೆಳ್ಳಗೆ ಉದುರಿಸಬೇಕು ಎಂದು ಡ್ರೈವರೇ ಹೇಳಿಕೊಟ್ಟಿದ್ದರು. ನಾನು ಉದುರಿಸಿದರೆ ಒಂದು ಕಡೆ ಗುಪ್ಪೆ, ಇನ್ನೊಂದು ಕಡೆ ಬಟ್ಟಬಯಲು. ಇವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಏನೇ ಅದು, ಕೋಳಿಗೆ ಕಾಳು ಚೆಲ್ಲಿದ ಹಾಗೆ?"

ನನಗೆ ರೇಗಿತು. "ಅಷ್ಟು ಗೊತ್ತಿದ್ರೆ ನೀವೇ ಬನ್ನಿ!" ಎಂದು ಬೀಜ ಬೆರೆಸಿದ ಮರಳಿನ ತಟ್ಟೆ ಅವರ ಮುಂದೆ ಹಿಡಿದೆ.

ಬಂದರು. ಹಿಡಿ ತುಂಬಿಕೊಂಡು ಕೈ ಚಾಚಿದರು. ಕೈ ಎಂದಿನಂತೆ ನಡುಗಿತು. ಬೆರಳುಗಳ ಸಂದಿಯಿಂದ ಮರಳೂ ಬೀಜವೂ ಜರಡಿ ಹಿಡಿದಂತೆ ಸಣ್ಣಗೆ, ಸಮವಾಗಿ ಇಳಿಯತೊಡಗಿದವು. ಎಲ್ಲಿಯೂ ಗುಪ್ಪೆಯಿಲ್ಲ. ಅವರು ನಿಂತು ತಮ್ಮ ಕೈಯನ್ನೇ ನೋಡಿದರು. ಇನ್ನೊಂದು ಹಿಡಿ ತೆಗೆದುಕೊಂಡರು. ಎರಡು ಪಾತಿ ಮುಗಿಯುವವರೆಗೂ ನಿಲ್ಲಿಸಲಿಲ್ಲ. ನಾನು ತಟ್ಟೆ ಹಿಡಿದುಕೊಂಡು ಹಿಂದೆ ಹಿಂದೆಯೇ ನಡೆದೆ.

ಹತ್ತು ದಿನಕ್ಕೆ ಪಾತಿ ಹಸಿರಾಯಿತು. ಒಂದೊಂದು ಸಸಿಗೂ ಕಾಲು ಚಾಚುವಷ್ಟು ಜಾಗ. ಡ್ರೈವರ್ ಬೇಲಿಯ ಮೇಲೆ ಬಗ್ಗಿ ನೋಡಿದರು.

"ಅಣ್ಣ, ನೀವೇ ಬಿತ್ತಿದ್ದಾ ಇದು? ನಾನು ಹಾಕಿದ್ರೆ ಯಾವತ್ತೂ ಹೀಗೆ ಬರಲ್ಲ. ನಮ್ಮ ಹಿತ್ತಲಿಗೂ ಒಂದ್ಸಲ ಬಂದು ಹಾಕಿಕೊಡ್ತೀರಾ?"

ಇವರು ಅಂಗಿಯ ತೋಳು ಮಡಿಚಿಕೊಂಡರು.

"ಇವತ್ತು ಆಗಲ್ಲಪ್ಪ, ಕೈತುಂಬ ಕೆಲಸ ಇದೆ. ನಾಳೆ ನೋಡೋಣ."

ನಲವತ್ತು ವರ್ಷ ಬಟ್ಟೆ ಕೇಳಿಕೊಂಡು ಬಂದ ಊರಿನವರಿಗೆಲ್ಲ ಇದೇ ಸುಳ್ಳು ಹೇಳಿ, ಅವರ ಬೈಗುಳವನ್ನೆಲ್ಲ ನನ್ನ ಕಿವಿಗೆ ಬೀಳಿಸಿದ ಮಹಾನುಭಾವ. ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಡುಗೆಮನೆಗೆ ಓಡಿಹೋಗಿ, ಮನಸಾರೆ ಅತ್ತೆ.