ಏಳನೆಯ ಸೂಚನೆ

ಹಾಳೆಗಳು ಇನ್ನೂ ಬೆಚ್ಚಗಿವೆ, ಈಗಷ್ಟೇ ಒಲೆಯಿಂದ ತೆಗೆದ ರೊಟ್ಟಿಯ ಹಾಗೆ, ಜೆರಾಕ್ಸ್ ಮಾಡಿದವರು ಯಾರೋ, ಮೂಲೆಗೆ ಮೂಲೆ ಕೂಡಿಸಿಲ್ಲ, ಫಾದಿಯಾ ಕಟ್ಟನ್ನು ಮೇಜಿಗೆ ಕುಟ್ಟಿದಳು, ಇನ್ನೊಮ್ಮೆ ಕುಟ್ಟಿದಳು, ಸಾಕು ಕೂಡಿತು, ಆದರೂ ಕುಟ್ಟುತ್ತಲೇ ಇದ್ದಾಳೆ, ಪಕ್ಕದ ಕುರ್ಚಿಯಿಂದ ಹೆಡ್‌ಮಿಸ್ ಇಕ್ರಾಮ್ ತಿರುಗಿ ನೋಡಿದ ಮೇಲೆ ಕೈ ನಿಂತಿತು. ಹಾಲ್ ತುಂಬ ತಾಯಂದಿರು, ಮೂಲೆಯಲ್ಲಿ ಮೂರೋ ನಾಲ್ಕೋ ಅಪ್ಪಂದಿರು, ಹೆಂಗಸರ ನಡುವೆ ಕಾಲು ಎಲ್ಲಿ ಇಡಬೇಕೋ ಗೊತ್ತಾಗದೆ ಮುದುಡಿ ಕೂತವರು, ಬೀಸಣಿಗೆ ಇಲ್ಲದ್ದಕ್ಕೆ ಹಂಚಿದ ಈ ಹಾಳೆಯನ್ನೇ ಮಡಚಿ ಗಾಳಿ ಹಾಕಿಕೊಳ್ಳುತ್ತಾರೆ, ಪ್ರತಿ ವರ್ಷವೂ ಹಾಗೆ, ಪ್ರತಿ ಆಗಸ್ಟಿನ ಕೊನೆಯ ವಾರ. ಇರ್ಬಿದ್‌ನ ಈ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಹನ್ನೊಂದು ವರ್ಷದಿಂದ ಅವಳೇ ಸಲಹೆಗಾರ್ತಿ, ಶಾಲೆ ತೆರೆಯುವ ಮುಂಚೆ ಕೊನೆಯ ವರ್ಷದ ಹುಡುಗಿಯರ ಮನೆಯವರನ್ನು ಕರೆಸಿ, ತವ್‌ಜೀಹಿ ಪರೀಕ್ಷೆಗೆ ಹುಡುಗಿ ಓದಿದರೆ ಸಾಲದು, ಮನೆಯೇ ಓದಬೇಕು ಎಂದು ಹೇಳಿ ಕಳಿಸುವುದು ಅವಳ ಕೆಲಸ, ಈ ಹತ್ತು ಸೂಚನೆಗಳನ್ನು ಬರೆದವಳೂ ಅವಳೇ, ಎಂಟು ವರ್ಷದ ಹಿಂದೆ, ಒಂದೇ ಮಧ್ಯಾಹ್ನ ಕೂತು, ಎಷ್ಟು ಹುಮ್ಮಸ್ಸಿನಿಂದ, ಆಗ ಅವಳಿಗೆ ಗೊತ್ತಿರದ ವಿಷಯವೇ ಇರಲಿಲ್ಲ. ಮೊದಲನೆಯದು, ಟಿವಿಗೆ ಬಟ್ಟೆ ಹೊದಿಸಿ. ಯಾರೋ ಕಿಸಕ್ಕನೆ ನಕ್ಕರು, ನಮ್ಮನೇಲಿ ಅವರಪ್ಪನಿಗೇ ಬಟ್ಟೆ ಹೊದಿಸ್ಬೇಕು ಮಿಸ್, ಫುಟ್‌ಬಾಲ್ ಅಂದ್ರೆ ಬೊಬ್ಬೆ ಹೊಡೀತಾರೆ, ಹಾಲ್ ಎಲ್ಲ ನಕ್ಕಿತು, ಫಾದಿಯಾಳ ಮುಖವೂ ನಕ್ಕಿತು, ತುಟಿ ಎಲ್ಲಿಂದ ಎಲ್ಲಿಗೆ ಹೋಗಬೇಕೆಂದು ಅದಕ್ಕೆ ಅಭ್ಯಾಸವಿದೆ. ಎರಡನೆಯದು, ನೆಂಟರನ್ನು ಜುಲೈವರೆಗೆ ಬಾಗಿಲಾಚೆಯೇ ಇಡಿ. ತನ್ನ ದನಿ ಹಾಲಿನ ಆ ತುದಿಯಿಂದ ಬರುತ್ತಿದೆ ಅನ್ನಿಸಿತು, ಬೇರೆ ಯಾರೋ ಮಾತಾಡುತ್ತಿರುವ ಹಾಗೆ, ಪರವಾಗಿಲ್ಲ, ಚೆನ್ನಾಗಿಯೇ ಮಾತಾಡುತ್ತಿದ್ದಾಳೆ.

ಮೂರನೆಯದು ನಿದ್ದೆ, ನಾಲ್ಕನೆಯದು ಬೆಳಗಿನ ತಿಂಡಿ, ಹಸಿದ ಹೊಟ್ಟೆಯಲ್ಲಿ ಪರೀಕ್ಷೆಗೆ ಕಳಿಸಬೇಡಿ, ಎರಡು ತುತ್ತು ರೊಟ್ಟಿಯನ್ನು ಎಣ್ಣೆಯಲ್ಲಿ, ಜಾತರ್ ಪುಡಿಯಲ್ಲಿ ಅದ್ದಿ ನೀವೇ ಬಾಯಿಗಿಡಿ — ಸದೀಲ್‌ಗೆ ಇಟ್ಟಿದ್ದಳಲ್ಲ, ಹದಿನೆಂಟು ವರ್ಷದ ಹುಡುಗಿಗೆ, ಬಾಗಿಲಲ್ಲಿ ನಿಲ್ಲಿಸಿ, ಸಾಕು ಯಮ್ಮಾ, ಹಲ್ಲಿಗೆಲ್ಲ ಸಿಕ್ಕಿಕೊಳ್ಳುತ್ತೆ, ಅಂತ ಮಗಳು ಮುಖ ತಿರುಗಿಸಿದರೂ ಬಿಡದೆ, ಈಗ ಆ ಬಾಯಿ ಅವಳ ಜೊತೆ ಮಾತಾಡುವುದಿಲ್ಲ. ಇದೇ ಹಾಳೆ ಮನೆಯ ಫ್ರಿಜ್ಜಿನ ಮೇಲೆ ಇತ್ತು, ನಿಂಬೆಹಣ್ಣಿನ ಆಕಾರದ ಆಯಸ್ಕಾಂತದಡಿ, ಕಳೆದ ಆಗಸ್ಟಿನಿಂದ, ತನ್ನದೇ ಮಗಳ ವರ್ಷವಲ್ಲವೇ, ಊರಿಗೆಲ್ಲ ಹೇಳಿ ಮನೆಯಲ್ಲಿ ಪಾಲಿಸದಿದ್ದರೆ ಹೇಗೆ. ಜೂನ್‌ನಲ್ಲಿ, ಪರೀಕ್ಷೆ ಶುರುವಾಗಿ ಮೂರನೆಯ ದಿನ, ತವರೂರು ಕರಕ್‌ನಿಂದ ಅಣ್ಣ ಮಿತ್ಕಾಲ್ ಫೋನ್ ಮಾಡಿ, ಅಮ್ಮ ಹೋದ್ಲು ಫಾದಿಯಾ, ಅಂದ, ಅಷ್ಟೇ, ಬೆಳಗಿನ ನಮಾಜಿಗೆ ಎದ್ದವಳು ಹಾಸಿಗೆ ಮೇಲೇ ಒರಗಿದಳಂತೆ, ಫಾದಿಯಾ ಅಡುಗೆಮನೆಯಲ್ಲಿ ನಿಂತಿದ್ದಾಳೆ, ಕೈಯಲ್ಲಿ ಸೌತೆಕಾಯಿ, ಒಳಗೆ ಕೋಣೆಯಲ್ಲಿ ಸದೀಲ್ ಭೌತಶಾಸ್ತ್ರವನ್ನು ಗಟ್ಟಿಯಾಗಿ ಓದುತ್ತಿದ್ದಾಳೆ, ಗಂಡ ನಾಯಿಫ್ ಓಡಿ ಬಂದ, ಅವಳ ಮುಖ ನೋಡಿಯೇ ಅರ್ಥವಾಯಿತು ಅವನಿಗೆ, ಬೆರಳು ಚಾಚಿ ಫ್ರಿಜ್ಜಿನ ಮೇಲಿದ್ದ ಹಾಳೆ ತೋರಿಸಿದ. ಏಳನೆಯದು. ಪರೀಕ್ಷೆ ಮುಗಿಯುವವರೆಗೆ ಸಾವು, ಕಾಯಿಲೆ, ಜಗಳ, ಮನೆಯ ಯಾವ ಕೆಟ್ಟ ಸುದ್ದಿಯನ್ನೂ ಮಗಳ ಕಿವಿಗೆ ಹಾಕಬೇಡಿ. ತನ್ನದೇ ಅಕ್ಷರ, ತನ್ನದೇ ಸಹಿ. ಸೌತೆಕಾಯಿ ಹೆಚ್ಚುವುದನ್ನು ಮುಗಿಸಿದಳು, ಉಪ್ಪು ಹಾಕಿದಳು, ಮಗಳಿಗೆ ಕೊಟ್ಟು, ಇವತ್ತು ಅಮ್ಮಾನ್‌ನಲ್ಲಿ ನಂಗೊಂದು ತರಬೇತಿ ಇದೆ ಕಣೇ, ಅಪ್ಪನೇ ಬಿಡ್ತಾರೆ, ಅಂದಳು, ಕಪ್ಪು ಉಡಲಿಲ್ಲ, ಆ ಹಸಿರು ಸ್ಕಾರ್ಫನ್ನೇ ಕಟ್ಟಿಕೊಂಡು ಹೆತ್ತ ತಾಯಿಯ ಹೆಣ ನೋಡಲು ಹೋದಳು.

ಐದನೆಯದು — ಹೇಳಿದ್ದಾಯಿತೋ, ಇಲ್ಲವೋ, ಮುಂದಿನ ಸಾಲಿನವರು ತಲೆ ಆಡಿಸುತ್ತಿದ್ದಾರೆ, ಹೇಳಿದ್ದಾಗಿರಬೇಕು. ಕರಕ್‌ನಲ್ಲಿ ಮುಖ ನೋಡಿದ್ದು ಒಂದು ಗಳಿಗೆ, ಹಣೆ ತಣ್ಣಗಿತ್ತು, ಹೆಂಗಸರೆಲ್ಲ ಅವಳ ಹಸಿರು ಸ್ಕಾರ್ಫ್ ನೋಡಿದರು, ಮಿತ್ಕಾಲ್ ಹತ್ತಿರ ಬಂದ, ಶೋಕಕ್ಕೆ ಮೂರು ದಿನ ಕೂರಲ್ವಾ, ಹೆತ್ತವಳಿಗೆ ಮೂರು ದಿನ ಕೂರೋಕೆ ಆಗಲ್ವಾ ನಿಂಗೆ, ಸದೀಲ್‌ಗೆ ತವ್‌ಜೀಹಿ ಅಣ್ಣ, ಅಂದಳು, ಆ ಮಾತಿಗೆ ನಮ್ಮಲ್ಲಿ ಎದುರುತ್ತರ ಇಲ್ಲ, ಅವನು ಅಮ್ಮನ ಫೋನ್ ತಂದು ಅವಳ ಅಂಗೈಯಲ್ಲಿಟ್ಟ, ಹಾಗಾದ್ರೆ ಇದನ್ನೂ ತಗೊಂಡ್ಹೋಗು, ನಿನ್ನ ಮಗಳು ಬೆಳಗ್ಗೆಯಿಂದ ಇದರೊಳಗೆ ಅಜ್ಜೀನ ತೇತಾ ತೇತಾ ಅಂತ ಕೂಗ್ತಾನೇ ಇದಾಳೆ. ವಾಪಸು ಬರುವಾಗ ನಾಯಿಫ್ ಅಮ್ಮಾನ್‌ನಲ್ಲಿ ಕಾರು ನಿಲ್ಲಿಸಿ ಕುನಾಫೆ ಸಿಹಿ ಕಟ್ಟಿಸಿಕೊಂಡ, ತರಬೇತಿಗೆ ಹೋದವರು ಬರಿಗೈಲಿ ಬಂದರೆ ಮಗಳಿಗೆ ಅನುಮಾನ ಬರಬಾರದಲ್ಲ, ಮುಗಿಯದ ಹಾಗಿತ್ತು ದಾರಿ, ಬಿಸಿ ಡಬ್ಬ ಅವಳ ತೊಡೆಯ ಮೇಲೆ, ಸಕ್ಕರೆ ಪಾಕ ಸೋರಿ ಬಟ್ಟೆಗೆ ಅಂಟಿತು, ಅಮ್ಮನ ಹಣೆ ಮುಟ್ಟಿದ ಬೆರಳಿಗೂ ಅಂಟಿತು. ಸದೀಲ್ ಮೂರು ತುಂಡು ತಿಂದಳು. ಅಳು ಬರಲಿಲ್ಲ, ಅವತ್ತೂ ಇಲ್ಲ, ಆಮೇಲೂ ಇಲ್ಲ, ಒಂದು ದಿನ ಹೆಡ್‌ಮಿಸ್ ತಮ್ಮ ಕೋಣೆಯ ಬಾಗಿಲು ಹಾಕಿ ಸಕ್ಕರೆ ಇಲ್ಲದ ಕಾಫಿ, ಸಾವಿನ ಮನೆಯಲ್ಲಿ ಕೊಡುವ ಕಾಫಿ, ಒಂದು ಬಟ್ಟಲು ಕೊಟ್ಟರು, ನಿಂತೇ ಕುಡಿದಳು, ಅವಳ ಪಾಲಿಗೆ ಬಂದ ಶೋಕ ಅಷ್ಟೇ.

ಆರನೆಯದು, ದೊಡ್ಡಪ್ಪನ ಮಗಳಿಗೆ ಎಷ್ಟು ಬಂತು, ಪಕ್ಕದ ಮನೆಯವಳಿಗೆ ಎಷ್ಟು ಬಂತು ಎಂದು ಹೋಲಿಸಬೇಡಿ, ತಾಯಂದಿರು ಒಬ್ಬರನ್ನೊಬ್ಬರು ಮೊಣಕೈಯಿಂದ ತಿವಿದುಕೊಂಡರು, ಮುಂದೆ ಏಳು, ಕಣ್ಣು ಏಳರ ಮೇಲೆ ಇದೆ, ಬಾಯಿ ಎಂಟನೆಯದು ಅಂದಿತು, ಎಂಟನೆಯದು, ಪರೀಕ್ಷಾ ಕೇಂದ್ರದ ದಾರಿಯನ್ನು ಒಂದು ಸಲ ಮುಂಚೆಯೇ ನಡೆದು ನೋಡಿ, ಹೆಡ್‌ಮಿಸ್ ಸಣ್ಣಗೆ ಕೆಮ್ಮಿದರು. ಅಮ್ಮನಿಗೆ ಓದು ಬರೆಹ ಬರುತ್ತಿರಲಿಲ್ಲ, ಫೋನಿನಲ್ಲಿ ಒಂದೋ ಮಾತಾಡಿ ಕಳಿಸುತ್ತಿದ್ದಳು, ಇಲ್ಲವೇ ಒಂದು ಗುಲಾಬಿ, ಯಾರೋ ಕಳಿಸಿದ್ದನ್ನು ಎಲ್ಲರಿಗೂ ದಾಟಿಸುತ್ತಿದ್ದದ್ದು, ಕೆಂಪು ಗುಲಾಬಿ, ಮೇಲೆ ಗಾಜಿನಂಥ ನೀರ ಹನಿ, ಕೆಳಗೆ ಬಂಗಾರದ ಅಕ್ಷರದಲ್ಲಿ ಶುಭೋದಯ, ಸಂಜೆಗೂ ಶುಭೋದಯವೇ, ಅವಳಿಗೇನು ಗೊತ್ತು, ಸದೀಲ್ ಎಷ್ಟು ನಗುತ್ತಿದ್ದಳು ಅದಕ್ಕೆ. ಅಜ್ಜಿಗೆ ಗಂಟಲು ಕಟ್ಟಿದೆಯಂತೆ, ಮಾತಾಡಬಾರದು ಅಂದಿದ್ದಾರಂತೆ ಡಾಕ್ಟರು, ಅಂತ ಹೇಳಿದ್ದಳು ಫಾದಿಯಾ, ಹದಿನೆಂಟು ದಿನ, ಮಗಳು ಕೋಣೆಯ ಬಾಗಿಲು ಹಾಕಿಕೊಂಡ ಮೇಲೆ ಬಚ್ಚಲಮನೆಗೆ ಹೋಗಿ ನಲ್ಲಿ ತಿರುಗಿಸಿ ಸತ್ತ ಅಮ್ಮನ ಫೋನ್ ಕಿವಿಗಿಟ್ಟುಕೊಳ್ಳುವುದು, ಕೇಳಲೇಬೇಕು, ಕೇಳದಿದ್ದರೆ ಕೇಳಿದ ಗುರುತಿನ ಗೆರೆ ನೀಲಿಯಾಗುವುದಿಲ್ಲ, ನೀಲಿಯಾಗದಿದ್ದರೆ ಹುಡುಗಿ ಕಂಗಾಲಾಗುತ್ತಾಳೆ. ತೇತಾ, ಇವತ್ತು ಗಣಿತ, ದುವಾ ಮಾಡು. ಗುಲಾಬಿ. ತೇತಾ, ಒಂದು ಪ್ರಶ್ನೆ ಬಿಟ್ಟೆ, ಯಮ್ಮಾಗೆ ಹೇಳ್ಬೇಡ. ಗುಲಾಬಿ. ತೇತಾ, ಯಮ್ಮಾ ಒಂಥರಾ ಆಗ್ಬಿಟ್ಟಿದಾಳೆ, ಗೋಡೆ ಹತ್ರ ಮಾತಾಡ್ದಂಗಿರುತ್ತೆ, ನನ್ ಮೇಲೆ ಸಿಟ್ಟಾ ಅಂತ ನೀನೇ ಕೇಳ್ನೋಡು, ನೀನು ಕೇಳಿದ್ರೆ ಹೇಳ್ತಾಳೆ. ನಲ್ಲಿ ಸುರಿಯುತ್ತಿತ್ತು, ಫಾದಿಯಾ ಬಚ್ಚಲ ಅಂಚಿನ ಮೇಲೆ ಕೂತಿದ್ದಳು, ಆ ಕ್ಷಣ ಹೋಗಿ ಮಗಳನ್ನು ತಬ್ಬಿಕೊಂಡು ಬಾಯಿಬಿಟ್ಟು ಅತ್ತುಬಿಡಬಹುದಿತ್ತು, ಪರೀಕ್ಷೆ ಹಾಳಾದರೆ ಆಗಲಿ ಅನ್ನಬಹುದಿತ್ತು, ಹೆಬ್ಬೆರಳು ಹೋಗಿ ಗುಲಾಬಿ ಒತ್ತಿತು. ಕೊನೆಯ ವಾರ, ತೇತಾ, ಒಂದೇ ಒಂದು ಮಾತು, ಗಂಟಲು ನೋವಾದ್ರೂ ಪರವಾಗಿಲ್ಲ, ನನ್ ಹೆಸರು ಒಂದ್ಸಲ ಕರಿ ಸಾಕು. ಅದಕ್ಕೂ.

ಪರೀಕ್ಷೆ ಮುಗಿದ ದಿನ ಹೇಳಿದಳು, ಸದೀಲ್ ಬ್ಯಾಗನ್ನೂ ಇಳಿಸಿರಲಿಲ್ಲ, ಅಳುತ್ತಾಳೆ, ಕಿರುಚುತ್ತಾಳೆ, ಹಿಡಿದುಕೊಳ್ಳೋಣ ಎಂದು ಕೈಗಳು ಸಿದ್ಧವಾಗಿದ್ದವು, ಹುಡುಗಿ ಸುಮ್ಮನೆ ನಿಂತು ಒಂದೇ ಪ್ರಶ್ನೆ ಕೇಳಿದಳು, ಹಾಗಾದ್ರೆ ಆ ಹೂ ಯಾರು ಕಳಿಸ್ತಿದ್ರು. ನಾನು. ಎಲ್ಲಾನೂ ಕೇಳಿಸ್ಕೊಂಡ್ಯಾ. ಹೂಂ. ಮಾರನೆಯ ದಿನ ಕರಕ್‌ಗೆ, ಮಾವನ ಮನೆಗೆ ಹೋದಳು, ಅಜ್ಜಿಯ ಮಂಚದ ಮೇಲೆ ಮಲಗುತ್ತಾಳಂತೆ, ಅಲ್ಲೇ ಕಾಲೇಜಿಗೆ ಸೇರುತ್ತಾಳಂತೆ, ಎಲ್ಲ ಮಿತ್ಕಾಲ್ ಹೇಳಿದ್ದು, ಫಲಿತಾಂಶದ ದಿನ ಬೀದಿಯವರೆಲ್ಲ ಬಂದು ಬಾಗಿಲಲ್ಲಿ ಹರ್ಷದ ಕೂಗು ಹಾಕಿದರು, ಒಳಗೆ ಹುಡುಗಿ ಇರಲಿಲ್ಲ. ಫಾದಿಯಾ ದಿನಕ್ಕೊಂದು ಸಲ ಬರೆಯುತ್ತಾಳೆ, ಊಟ ಆಯ್ತಾ, ಗೆರೆ ನೀಲಿಯಾಗುತ್ತದೆ, ಅಷ್ಟೇ, ಉತ್ತರ ಇಲ್ಲ — ಮಿಸ್, ಏಳನೇದು ಬಿಟ್ಟುಹೋಯ್ತು.

ನಾಲ್ಕನೆಯ ಸಾಲಿನಲ್ಲಿ ಒಬ್ಬಳು ಎದ್ದು ನಿಂತಿದ್ದಾಳೆ, ಉಮ್ ಔಸ್, ರಹಫ್‌ಳ ತಾಯಿ, ತೆಳ್ಳನೆಯ ಹೆಂಗಸು, ಹಾಳೆಯಲ್ಲಿ ಏಳರ ಕೆಳಗೆ ಪೆನ್ನಿನಿಂದ ಗೆರೆ ಎಳೆದಿದ್ದಾಳೆ, ಇಲ್ಲಿಂದಲೇ ಕಾಣುತ್ತದೆ. ಹೆಡ್‌ಮಿಸ್, ಹೌದಲ್ಲ, ಓದಿಬಿಡಿ ಫಾದಿಯಾ, ಅದೇ ಮುಖ್ಯವಾದ್ದು, ಅಂದರು, ಅವರಿಗೆ ಗೊತ್ತು, ಕಾಫಿ ಕೊಟ್ಟವರೇ ಅಲ್ಲವೇ, ಗೊತ್ತಿದ್ದೂ ಅಂದರು. ಉಮ್ ಔಸ್ ಕೂರಲಿಲ್ಲ, ಅಪ್ಪಂದಿರ ಕಡೆ ನೋಡಿ ದನಿ ತಗ್ಗಿಸಿದಳು, ರಹಫ್ ಅಪ್ಪನಿಗೆ ಪಿತ್ತಕೋಶದಲ್ಲಿ ಆ ಕಾಯಿಲೆ ಮಿಸ್, ಚಳಿಗಾಲ ದಾಟೋದು ಕಷ್ಟ ಅಂದಿದ್ದಾರೆ, ಅವಳಿಗೆ ಹೇಳಿಲ್ಲ, ಬೆನ್ನುನೋವು ಅಂದಿದೀವಿ, ಪರೀಕ್ಷೆವರೆಗೂ ಹೀಗೇ ಮುಚ್ಚಿಡ್ತೀವಿ, ಅವರಿಗೇನಾದ್ರೂ ಆದ್ರೆ ದುಬೈಗೆ ಕೆಲಸಕ್ಕೆ ಹೋಗಿದ್ದಾರೆ ಅಂತೀವಿ, ಸರಿಯಾಗಿ ಮಾಡ್ತಿದೀವಲ್ವಾ. ಹಾಳೆಗಳ ಗಾಳಿ ನಿಂತಿತು. ಎಲ್ಲರೂ ಅವಳನ್ನೇ ನೋಡುತ್ತಿದ್ದಾರೆ, ಸರಿ ಅನ್ನುವುದು ಎಷ್ಟು ಸುಲಭ, ಎಂಟು ವರ್ಷ ಅದನ್ನೇ ಅಂದಿದ್ದಾಳೆ, ಎಷ್ಟು ಮನೆಗಳಲ್ಲಿ, ಎಷ್ಟು ಬೆನ್ನುನೋವುಗಳು.

ಹೇಳಿಬಿಡಿ ಉಮ್ ಔಸ್, ಅಂದಳು ಫಾದಿಯಾ. ಇವತ್ತೇ ಹೇಳಿ. ಅವರಿಗೆ ದನಿ ಇರೋವಾಗ್ಲೇ ಅವರ ಪಕ್ಕ ಕೂರಿಸಿ. ಮತ್ತೆ ಅವಳ ಮಾರ್ಕು, ಅಂದಳು ಆ ಹೆಂಗಸು. ಮಾರ್ಕು ಬರುತ್ತೆ, ನಾನು ಮುಚ್ಚಿಟ್ಟೆ, ನನ್ನ ಮಗಳಿಗೂ ಬಂತು, ತೊಂಬತ್ತಾರು. ಹಿಂದಿನ ಸಾಲಿನಲ್ಲಿ ಯಾರೋ, ಮಾಷಾ ಅಲ್ಲಾಹ್, ಅಂದರು, ಇನ್ನೊಬ್ಬರೂ ಅಂದರು, ಹಾಲಿನ ತುಂಬ ಅದೇ ಮಾತು ಹರಿದಾಡಿತು, ತೊಂಬತ್ತಾರಂತೆ, ನೋಡಿ, ಮುಚ್ಚಿಟ್ಟಿದ್ದಕ್ಕೇ ಬಂದಿರೋದು, ಉಮ್ ಔಸ್ ಅವಳನ್ನೂ ಹಾಳೆಯನ್ನೂ ನೋಡಿ, ನಿಧಾನಕ್ಕೆ ಕೂತು, ಹಾಳೆಯನ್ನು ನಾಲ್ಕಾಗಿ ಮಡಚಿ ಚೀಲಕ್ಕೆ ಹಾಕಿಕೊಂಡಳು. ಅಯ್ಯೋ, ಅದಲ್ಲ ನಾನು ಹೇಳಿದ್ದು, ಅದಲ್ಲ, ಹೆಡ್‌ಮಿಸ್ ಆಗಲೇ ಮೈಕು ತೆಗೆದುಕೊಂಡು ಒಂಬತ್ತನೆಯದನ್ನು ಓದುತ್ತಿದ್ದಾರೆ, ಫಾದಿಯಾ ಮೇಜಿನ ಕೆಳಗೆ ತನ್ನ ಫೋನ್ ತೆರೆದಳು, ಸದೀಲ್, ಇವತ್ತು ಒಬ್ಬಳು ತಾಯಿ ಬಂದಿದ್ದಳು ಕಣೇ, ಎಂದು ಬರೆಯಬೇಕು, ನನಗೂ ಅಮ್ಮ ಸತ್ತಳು, ನಾನಿನ್ನೂ ಅತ್ತಿಲ್ಲ, ಎಂದು ಬರೆಯಬೇಕು, ಖಾಲಿ ಜಾಗದಲ್ಲಿ ಗೆರೆಯೊಂದು ಮಿಣುಕುತ್ತಿದೆ, ಬೆರಳು ಕಾಯುತ್ತಿದೆ, ಅಕ್ಷರ ಬರುತ್ತಿಲ್ಲ, ಒಂದೂ ಬರುತ್ತಿಲ್ಲ, ಹೆಬ್ಬೆರಳು ತಾನೇ ಸರಿದು ಚಿತ್ರಗಳ ಕಡೆ ಹೋಯಿತು, ತಾನೇ ಹುಡುಕಿತು, ಕೆಂಪು ಗುಲಾಬಿ, ಮೇಲೆ ನೀರ ಹನಿ, ಕೆಳಗೆ ಶುಭೋದಯ, ಗುಲಾಬಿ, ಹನಿ, ಗುಲಾಬಿ