ರೌದಾ ಹೊಲಿದ ಹತ್ತಿಯ ಹೆಗಲು

ಅಜ್ಲೂನ್ ಬೆಟ್ಟದ ಒಂದು ಊರಿನಲ್ಲಿ ಯಾರ ಮನೆ ಮದುವೆಯಾದರೂ ಹೆಂಗಸರ ಉಡುಪು ಹೊಲಿಯುವವಳು ರೌದಾ. ಅವಳ ಮಗಳು ಶದಾಗೆ ಹದಿನಾಲ್ಕು. ಎರಡು ವರ್ಷದಿಂದ ಹುಡುಗಿಯ ಬೆನ್ನು ಪಕ್ಕಕ್ಕೆ ಬಾಗುತ್ತಿತ್ತು, ಎಡಹೆಗಲು ಇಳಿಯುತ್ತಿತ್ತು. ತಾಯಿ ಏನು ಮಾಡಿದಳು? ಉಡುಪಿನ ಎಡಹೆಗಲಿನೊಳಗೆ ಹತ್ತಿ ತುಂಬಿ ಹೊಲಿದಳು. ಊರವರ ಕಣ್ಣಿಗೆ ಮಣ್ಣೆರಚಿದ್ದಾಯಿತು. ಆದರೆ ಹೆಗಲು ಇಳಿಯುತ್ತಲೇ ಹೋಯಿತು, ಹತ್ತಿ ದಪ್ಪವಾಗುತ್ತಲೇ ಹೋಯಿತು.

ಶದಾಗೆ ಇದ್ದದ್ದು ಒಂದೇ ಆಸೆ. ಮದುವೆಯಂಗಳದಲ್ಲಿ ಹೆಗಲಿಗೆ ಹೆಗಲು ತಾಗಿಸಿ ಕಾಲಿನಿಂದ ನೆಲ ಗುದ್ದುವ ದಬ್ಕೆ ಕುಣಿತದ ಸಾಲಿನಲ್ಲಿ ತಾನೂ ನಿಲ್ಲಬೇಕು. ಹೆಗಲು ತಾಗಿದರೆ ಗುಟ್ಟು ರಟ್ಟಾಗುತ್ತದೆಂದು ತಾಯಿ ಬಿಡುತ್ತಿರಲಿಲ್ಲ. ಹುಡುಗಿ ಗೋಡೆಗೊರಗಿ ಕಾಲ್ಬೆರಳಲ್ಲೇ ತಾಳ ಹಾಕುತ್ತಿದ್ದಳು.

ಒಂದು ಸಂಜೆ ಪಕ್ಕದ ಮನೆಯ ನರ್ಸ್ ಸುಹೈರ್ ಉಡುಪಿನ ಅಳತೆ ಕೊಡಲು ಬಂದಳು. ಶದಾಳ ನಡಿಗೆ ನೋಡಿ, “ಮುಂದಕ್ಕೆ ಬಗ್ಗು ಪುಟ್ಟಾ” ಎಂದಳು. ಬಗ್ಗಿದೊಡನೆ ಬೆನ್ನಿನ ಬಲಭಾಗ ಗೂನಿನಂತೆ ಎದ್ದು ನಿಂತಿತು.

“ಪುಸ್ತಕದ ಚೀಲ ಹೊತ್ತು ಹಂಗಾಗಿದೆ ಅಕ್ಕಾ. ದಿನಾ ಆಲಿವ್ ಎಣ್ಣೆ ತಿಕ್ತಿದ್ದೀನಿ” ಎಂದಳು ರೌದಾ.

“ಎಣ್ಣೆ ರೊಟ್ಟಿಗೆ ಹಚ್ಚೇ ಮಾರಾಯ್ತಿ! ಇದು ಚೀಲದಿಂದ ಬರೋದಲ್ಲ. ನಾಳೆನೇ ಆಸ್ಪತ್ರೆಗೆ ನಡಿ.”

ಇರ್ಬಿದ್‌ ಪಟ್ಟಣದ ಮೂಳೆ ವೈದ್ಯರು ಎಕ್ಸ್‌ರೇ ತೆಗೆಸಿದರು. ಡೊಂಕು ಬಹಳ ಬೆಳೆದಿದೆ, ಬೇಗ ಬಂದಿದ್ದರೆ ಬೆನ್ನಿಗೆ ಗಟ್ಟಿ ಕವಚ ತೊಡಿಸಿ ತಡೆಯಬಹುದಿತ್ತೇನೋ, ಈಗ ಶಸ್ತ್ರಚಿಕಿತ್ಸೆಯೇ ದಾರಿ ಎಂದರು.

ಮನೆಗೆ ಬಂದ ರೌದಾ ಕುಸಿದು ಕೂತಳು. “ಬೆನ್ನು ಕೊಯ್ಸಿ ಮಗು ಹಾಸಿಗೆ ಹಿಡಿದ್ರೆ? ನಾಳೆ ಮದುವೆ, ಬಸುರು, ಬಾಣಂತನ?”

“ಅಪಾಯನೇ ಇಲ್ಲ ಅಂತ ಸುಳ್ಳು ಹೇಳಲ್ಲ” ಎಂದಳು ಜೊತೆಗೇ ಬಂದಿದ್ದ ಸುಹೈರ್. “ನರಕ್ಕೆ ಪೆಟ್ಟಾಗೋದು ಅಪರೂಪ. ಆಪರೇಷನ್ ನಡೀವಾಗ್ಲೇ ನರಗಳನ್ನ ಯಂತ್ರದಲ್ಲಿ ನೋಡ್ತಾ ಇರ್ತಾರೆ. ಲೋಹದ ಸರಳು ಹಾಕಿ ಬೆನ್ನನ್ನ ಆದಷ್ಟು ನೇರ ಮಾಡ್ತಾರೆ. ಬೆನ್ನು ಮೊದಲಿನಷ್ಟು ಬಳುಕಲ್ಲ, ನಿಜ. ಆದ್ರೆ ಎಷ್ಟೋ ಜನ ಆಮೇಲೆ ಮಕ್ಕಳನ್ನ ಹೆತ್ತಿದ್ದಾರೆ. ಹಿಂಗೇ ಬಿಟ್ರೆ ಮುಂದೆ ಉಸಿರಾಟಕ್ಕೇ ತೊಂದರೆ ಆಗ್ಬಹುದು.”

ಆಗ ಶದಾ ಮೆಲ್ಲಗೆ ಹೇಳಿದಳು: “ನಂಗೂ ಭಯ ಇದೆ ಅಮ್ಮಾ. ಆದ್ರೆ ಇನ್ನೂ ಎಷ್ಟು ವರ್ಷ ನನ್ನ ಬಚ್ಚಿಡ್ತೀಯ?”

ರೌದಾ ಮಗಳನ್ನು ಬಾಚಿ ತಬ್ಬಿಕೊಂಡು ಅತ್ತುಬಿಟ್ಟಳು. ಮರುದಿನವೇ ಆಸ್ಪತ್ರೆಗೆ ಹೋಗಿ ಒಪ್ಪಿಗೆ ಕೊಟ್ಟಳು.

ಶಸ್ತ್ರಚಿಕಿತ್ಸೆಯಾದ ಎರಡನೆಯ ದಿನ ವೈದ್ಯರು ಶದಾಳನ್ನು ಹಿಡಿದು ನಿಲ್ಲಿಸಿದರು. ಬೆನ್ನು ನೆಟ್ಟಗಾಗಿ ಎತ್ತರವಾಗಿದ್ದ ಮಗಳ ಮುಖ ನೋಡಲು ರೌದಾ ಮೊದಲ ಸಲ ತಲೆಯೆತ್ತಬೇಕಾಯಿತು.

“ಅಯ್ಯೋ, ನನ್ನೇ ಮೀರಿಸಿಬಿಟ್ಯಲ್ಲೇ!”

ನೋವಿನಲ್ಲೂ ಶದಾ ನಕ್ಕಳು. “ಕುಣಿಯೋದು ಯಾವಾಗ ಡಾಕ್ಟ್ರೇ?”

“ಮೂಳೆ ಚೆನ್ನಾಗಿ ಕೂಡಿಕೊಳ್ಳಲಿ. ಒಂದು ವರ್ಷ ತಾಳ್ಮೆಯಿಂದಿರು.”

“ಕಾಯ್ತೀನಿ” ಎಂದಳು.

ತಾಯಂದಿರೇ, ತಂದೆಯರೇ, ಹತ್ತು ವರ್ಷ ದಾಟಿದ ನಿಮ್ಮ ಮಕ್ಕಳನ್ನು ಇವತ್ತೇ ಮುಂದಕ್ಕೆ ಬಗ್ಗಿಸಿ ಬೆನ್ನು ನೋಡಿ. ಒಂದು ಪಕ್ಕ ಎದ್ದಿದೆಯೇ? ಹೆಗಲು ಏರುಪೇರಾಗಿದೆಯೇ? ಮೂಳೆ ವೈದ್ಯರಿಗೆ ತೋರಿಸಿ. ಎಲ್ಲರಿಗೂ ಶಸ್ತ್ರಚಿಕಿತ್ಸೆ ಬೇಕಾಗುವುದಿಲ್ಲ, ಆದರೆ ವೈದ್ಯರು ಬೇಕೆಂದರೆ ಹೆದರಿ ತಡಮಾಡಬೇಡಿ. ಶದಾ ಬಾಯಿಬಿಟ್ಟು ಕೇಳಿದಳು. ನಿಮ್ಮ ಮಗು ಕೇಳದೆಯೂ ಇರಬಹುದು.